ನನ್ನ ಜೀಪು, ನನ್ನ ಮೈಕು, ಮಗಳ ತೋಳ

ಮಲೆಯಾಳ ಸೀಮೆಯ ಕಾಡಂಚಿನ ಕಾಟ್ಟಿಕುಳಂ ಸುತ್ತಮುತ್ತ ನನ್ನ ದನಿಗೊಂದು ಗೌರವವಿದೆ. ಹುಲಿ ಇಳಿಯಲಿ, ಆನೆ ದಾಟಲಿ, ಊರಿಗೆ ತಿಳಿಸುವುದು ನನ್ನ ಜೀಪು, ಅದರ ನೆತ್ತಿಯ ಮೇಲಿನ ಮೈಕು ಮತ್ತು ನಾನು. ನನ್ನ ದನಿ ಕಿವಿಗೆ ಬಿದ್ದರೆ ಸಾಕು, ಜನ ದನ ಕಟ್ಟಿ ಬಾಗಿಲು ಹಾಕಿಕೊಳ್ಳುತ್ತಾರೆ. ಪೂರ್ತಿ ಕೇಳುವ ಪದ್ಧತಿಯೇ ಇಲ್ಲ. ಇದನ್ನು ನಾನು ಕೀರ್ತಿ ಎಂದುಕೊಂಡಿದ್ದೆ.

ಮಗಳು ಸೌಮ್ಯ ಮಾನಂದವಾಡಿಯಲ್ಲಿ ಕಾಲೇಜು ಓದುತ್ತಾಳೆ. ಗಡಿಯಾಚೆ ಬಯಲಿನ ಕಡೆ ಅಳಿದುಹೋಗುತ್ತಿರುವ ತೋಳಗಳನ್ನು ಉಳಿಸಬೇಕೆಂದು ಅವಳೂ ಗೆಳತಿಯರೂ ಸೇರಿ ಬೀದಿನಾಟಕ ಕಟ್ಟಿದ್ದರು. ತೋಳ ಅವಳೇ. ಅಂದು ಸಂಜೆ ನಮ್ಮ ಜಂಕ್ಷನ್ನಿನಲ್ಲಿ ಮೊದಲ ಪ್ರದರ್ಶನ. ಜನ ಸೇರದಿದ್ದರೆ ಗತಿಯೇನು ಎಂದು ಹುಡುಗಿಗೆ ಬೆಳಗಿನಿಂದ ತುತ್ತು ಇಳಿದಿರಲಿಲ್ಲ.

"ಜನ ಸೇರಿಸೋದು ನನಗೆ ಬಿಡು" ಎಂದೆ.

ಹೆಂಡತಿ ಲಲಿತ ಹಿತ್ತಲಿನಿಂದಲೇ, "ನೀವು ಜನರನ್ನ ಓಡಿಸಿದ್ದು ಬಿಟ್ರೆ ಯಾವತ್ತಾದ್ರೂ ಸೇರಿಸಿದ್ದುಂಟಾ?" ಎಂದಳು. ಹೊಟ್ಟೆಕಿಚ್ಚು ಎಂದುಕೊಂಡೆ.

ಮಗಳು ಹೇಳಿಕೊಟ್ಟದ್ದು ಚಿಕ್ಕ ಮಾತು: ತೋಳ ಕಡಿಮೆಯಾಗುತ್ತಿದೆ, ಕಾಪಾಡೋಣ, ಸಂಜೆ ನಾಟಕಕ್ಕೆ ಬನ್ನಿ. ನನಗದು ಸಪ್ಪೆಯೆನಿಸಿತು. ಗಾಂಭೀರ್ಯ ಬೇಡವೇ? ಸೈರನ್ ಒತ್ತಿ, ಎಂದಿನ ದನಿಯಲ್ಲಿ, "ಪ್ರಿಯ ನಾಟ್ಟುಕಾರರೇ, ಊರಿನವರೇ, ಸಂಜೆ ಜಂಕ್ಷನ್ನಿನಲ್ಲಿ ತೋಳ" ಎಂದು ಶುರುಮಾಡಿದೆ. ಉಳಿದದ್ದನ್ನೂ ತಪ್ಪಿಲ್ಲದೆ ಹೇಳಿದೆ. ಕೊನೆಗೆ ಮಾತ್ರ ನಾಲಿಗೆ ಹಳೆಯ ಅಭ್ಯಾಸದಂತೆ, "ಯಾರೂ ಒಬ್ಬೊಬ್ಬರೇ ಹೊರಗೆ ಬರಬೇಡಿ, ಮಕ್ಕಳನ್ನು ಒಳಗೇ ಇಟ್ಟುಕೊಳ್ಳಿ" ಎಂದು ಸೇರಿಸಿಬಿಟ್ಟಿತು. ಅದು ನನ್ನ ಕಿವಿಗೇ ಬೀಳಲಿಲ್ಲ. ಅಷ್ಟು ರೂಢಿ!

ಊರು ತಕ್ಷಣ ಸಹಕರಿಸಿತು. ಚಾಯ ಅಂಗಡಿಯ ಕುಂಞಾಲಿ ಗಿರಾಕಿಗಳನ್ನು ಒಳಗೇ ಕೂರಿಸಿಕೊಂಡು ಷಟರ್ ಎಳೆದ. ಸಂಜೆ ಜಂಕ್ಷನ್ನಿನಲ್ಲಿ ಉಳಿದವರು ಕಂದು ಕಂಬಳಿ ಹೊದ್ದ ನನ್ನ ಮಗಳು, ಅವಳ ಗೆಳತಿಯರು ಮತ್ತು ಬಲೆ ಹಿಡಿದು ಓಡಿಬಂದ ಫಾರೆಸ್ಟ್ ಗಾರ್ಡುಗಳು.

ತೋಳ ಎಲ್ಲಿ ಎಂದು ಅವರು ಕೇಳಿದರು. ನಾನು ಮಗಳನ್ನು ತೋರಿಸಿದೆ.

ಅವಳು ಕೂಗಾಡಲಿಲ್ಲ. ಕಂಬಳಿ ತೆಗೆದು ಮಡಿಸಿದಳು. "ಹೆದರಬೇಡಿ ಅಂತ ಹೇಳೋಕೆ ನಾವು ನಾಟಕ ಕಟ್ಟಿದ್ವು. ನೀನು ಇನ್ನೂ ಹೆದರಿಸಿಬಿಟ್ಟೆಯಲ್ಲಪ್ಪ" ಎಂದಳು. ಮೈಕಿನ ವಯರು ಕಿತ್ತು ಜೇಬಿಗೆ ಹಾಕಿಕೊಂಡೆ.

ಮುಂದಿನ ಭಾನುವಾರ ಮಗಳೇ ಮನೆಮನೆಗೆ ಹೋಗಿ ಕರೆದಳು. ಜಂಕ್ಷನ್ ತುಂಬಿತು. ಕುಂಞಾಲಿ ಬೆಂಚುಗಳನ್ನೆಲ್ಲ ಹೊರಗೆ ಹಾಕಿದ. ಈ ಸಲ ತೋಳ ನಾನು. ಪ್ರಾಯಶ್ಚಿತ್ತವೆಂದು ನಾನೇ ಬೇಡಿ ಪಡೆದ ಪಾತ್ರ. ಮಗಳು ಹಾಕಿದ್ದು ಒಂದೇ ಷರತ್ತು: ಊಳಿಡುವುದಕ್ಕೂ ಬಾಯಿ ತೆರೆಯಕೂಡದು.

ಕಂಬಳಿಯೊಳಗೆ ಬೆವರುತ್ತ, ಬಾಯಿ ಮುಚ್ಚಿಕೊಂಡು ಕೂತೆ. ಒಬ್ಬರೂ ಎದ್ದು ಹೋಗಲಿಲ್ಲ. ಕುಂಞಾಲಿಯ ಮುದಿ ತಾಯಿಯಂತೂ ಹತ್ತಿರ ಬಂದು ನನ್ನ ತಲೆ ಸವರಿ, ಪಾವಂ, ಪಾಪದ ಪ್ರಾಣಿ, ಇದನ್ನು ಯಾಕೆ ಕೊಲ್ಲಬೇಕು ಎಂದು ಕಣ್ಣೊರೆಸಿಕೊಂಡರು.

ಮನೆಗೆ ಬಂದ ಮೇಲೆ ಲಲಿತ ನೀರು ಕೊಟ್ಟು ಹೇಳಿದಳು: "ನೀವು ಇಷ್ಟು ಚೆನ್ನಾಗಿ ಅನೌನ್ಸ್ ಮಾಡಿದ್ದು ಇದೇ ಮೊದಲು."