ಡೂಪ್ಲಿಕೇಟ್ ಕಾರ್ಡುಗಳ ಭಾವ

ಅಮೆರಿಕದ ಬೇಸ್‌ಬಾಲ್ ಕಾರ್ಡುಗಳ ಬಗ್ಗೆ ನನ್ನ ಭಾವನಷ್ಟು ತಿಳಿದವರು ಇಡೀ ಕತಾರಿನಲ್ಲಿ ಇನ್ನೊಬ್ಬರಿರಲಿಲ್ಲ. ಬೇಸ್‌ಬಾಲ್ ಎಂದರೇನು ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಕಾರ್ಡಿನ ಚಿತ್ರದಲ್ಲಿ ಮುಖಕ್ಕೆ ಪಂಜರ ಕಟ್ಟಿಕೊಂಡು, ಚೆಂಡು ಹಿಡಿಯಲು ಕುಕ್ಕರಗಾಲಿನಲ್ಲಿ ಕೂತ ಆಟಗಾರನನ್ನು ಅಂಪೈರ್ ಎಂದೇ ಅವರು ಕೊನೆಯವರೆಗೂ ನಂಬಿದ್ದರು. ಏಷ್ಯನ್ ಗೇಮ್ಸ್ ನಡೆದ ವರ್ಷ ಆ ಆಟ ಕಡಲು ದಾಟಿ ದೋಹಾದ ಪಕ್ಕಕ್ಕೇ ಬಂದಿತ್ತು. ನಾನು ಟಿಕೆಟ್ ತರುತ್ತೇನೆ ಎಂದೆ. "ಆಟ ನೋಡಿ ನನಗೆಂತ ಆಗ್ಬೇಕು ಮಾರಾಯ," ಎಂದು ಅವರು ಆ ಶುಕ್ರವಾರ ನಮ್ಮ ಮನೆಯ ಸೋಫಾದ ಮೇಲೆ ಮಲಗಿ ನಿದ್ದೆ ಮಾಡಿದರು.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಮದುವೆಯಾಗಿರಲಿಲ್ಲ. ದೋಹಾದ ನಜ್ಮಾ ಬಡಾವಣೆಯಲ್ಲಿ ಆರು ಮಂಚಗಳ ಒಂದು ಕೋಣೆ, ಅದರಲ್ಲಿ ಗೋಡೆಯ ಬದಿಯ ಮಂಚ ಅವರದು. ಕಿಟಕಿ ಇದ್ದ ಜಾಗದಲ್ಲಿ ಏಸಿ ಕೂತಿದ್ದರಿಂದ ಹಗಲೋ ರಾತ್ರಿಯೋ ತಿಳಿಯುತ್ತಿರಲಿಲ್ಲ. ಹತ್ತು ನಿಮಿಷ ನಡೆದರೆ ಅವರ ಪ್ರಿಂಟಿಂಗ್ ಪ್ರೆಸ್ಸು. ಅಲ್ಲಿ ಬಣ್ಣಕ್ಕೆ ಅವರೇ ಕೊನೆಯ ಮಾತು. ಮೆಷಿನ್ನಿನಿಂದ ಬಂದ ಮೊದಲ ಹಾಳೆಯನ್ನು ಅವರು ಭೂತಗನ್ನಡಿಯಲ್ಲಿ ನೋಡಿ ಮೂಲೆಯಲ್ಲಿ ಸಹಿ ಹಾಕಬೇಕು, ಆಮೇಲೆ ಉಳಿದ ಹಾಳೆ. ಇಪ್ಪತ್ತೆರಡು ವರ್ಷ ಅವರನ್ನು ಆ ದೇಶದಲ್ಲಿ ಉಳಿಸಿದ್ದು ಆ ಎರಡು ಕಣ್ಣುಗಳೇ. ಕಣ್ಣು ಹೋದರೆ ಕೆಲಸ ಖಲಾಸ್, ಕೆಲಸ ಹೋದರೆ ವೀಸಾ ಖಲಾಸ್. ಇದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆದ್ದರಿಂದಲೇ ಅವರ ಬಗ್ಗೆ ನಗುತ್ತಾ ಬರೆಯಲು ಕೂತರೂ ನನ್ನ ನಗು ಅರ್ಧಕ್ಕೇ ನಿಂತುಬಿಡುತ್ತದೆ.

ಆ ಭೂತಗನ್ನಡಿ ಪ್ರೆಸ್ಸಿನಲ್ಲಿ ಉಳಿಯುತ್ತಿದ್ದರೆ ಲೋಕಕ್ಕೆ ಕ್ಷೇಮವಿತ್ತು. ಅದು ಅಂಗಿಯ ಕಿಸೆಯಲ್ಲಿ ಎಲ್ಲೆಲ್ಲಿಗೂ ಬರುತ್ತಿತ್ತು! ನನ್ನ ಮದುವೆಯ ದಿನ ಮಂಟಪದಲ್ಲಿ ಅವರು ನನ್ನ ಕಿವಿಯ ಹತ್ತಿರ ಬಗ್ಗಿದಾಗ ತಂಗಿಯನ್ನು ಚೆನ್ನಾಗಿ ನೋಡಿಕೋ ಎನ್ನುತ್ತಾರೆಂದು ನಾನು ಗಂಭೀರವಾದೆ. ಅವರು ಹೇಳಿದ್ದು, "ನಿಮ್ಮ ಮದುವೆ ಕಾಗದದಲ್ಲಿ ಗಣಪತಿಗೆ ಕೆಂಪು ಜಾಸ್ತಿ ಆಗಿದೆ." ದೋಹಾದಲ್ಲಿ ಬಿಸ್ಕತ್ತು ಕೊಳ್ಳಲು ಹೋದರೆ ಮೊದಲು ಪ್ಯಾಕೆಟ್ಟಿನ ಅಕ್ಷರ ನೋಡುತ್ತಿದ್ದರು. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಆ ಬಿಸ್ಕತ್ತು ತಿನ್ನಲು ಲಾಯಕ್ಕಿಲ್ಲ. ನಮ್ಮ ಮನೆಯ ಕೆಳಗಿನ ಅಂಗಡಿಯ ಮಲಯಾಳಿ ಅವರನ್ನು ಕಂಡರೆ ಲೆಕ್ಕದ ಪುಸ್ತಕದ ಹಿಂದೆ ಮುಖ ಅಡಗಿಸುತ್ತಿದ್ದ.

ಕಾರ್ಡಿನ ಹುಚ್ಚು ಹತ್ತಿಸಿದವನು ಪ್ರೆಸ್ಸಿಗೆ ಬಂದ ಒಬ್ಬ ಅಮೆರಿಕನ್ ಎಂಜಿನಿಯರ್. ಅಂಗೈಯಷ್ಟು ದೊಡ್ಡ ಎರಡು ರಟ್ಟಿನ ತುಂಡು ಮೇಜಿನ ಮೇಲಿಟ್ಟ. ಎರಡರಲ್ಲೂ ಒಬ್ಬನೇ ಆಟಗಾರ, ಒಂದೇ ಬ್ಯಾಟು. ಒಂದು ಅಸಲಿ, ಒಂದು ನಕಲಿ, ಯಾವುದು ಯಾವುದೆಂದು ತನಗೇ ಮರೆತುಹೋಗಿದೆ ಎಂದ. ಭಾವ ಕನ್ನಡಿ ಹಿಡಿದು ಅರ್ಧ ನಿಮಿಷ ನೋಡಿ ಒಂದನ್ನು ನಕಲಿ ಎಂದು ಬದಿಗೆ ಸರಿಸಿದರು. ಅಸಲಿಯಲ್ಲಿ ಹೆಸರಿನ ಅಕ್ಷರಗಳನ್ನು ಗಟ್ಟಿ ಕಪ್ಪು ಶಾಯಿಯಲ್ಲಿ ಒತ್ತಿರುತ್ತಾರೆ. ನಕಲಿ ಮಾಡುವವನು ಇಡೀ ಕಾರ್ಡಿನ ಫೋಟೋ ತೆಗೆದು ಅಚ್ಚು ಹಾಕುವುದರಿಂದ ಅವನ ಅಕ್ಷರವೂ ಚುಕ್ಕಿ ಚುಕ್ಕಿಯಾಗಿ ಒಡೆದಿರುತ್ತದೆ. ಎಂಜಿನಿಯರ್ ಬೆರಗಾಗಿ ಅಸಲಿಯನ್ನೇ ಉಡುಗೊರೆ ಕೊಡಲು ಹೋದ. ನಮ್ಮ ಭಾವ ಬೇಡ ಎಂದರು. ಅವರಿಗೆ ನಕಲಿ ಬೇಕಿತ್ತು!

ಅಂದಿನಿಂದ ದೋಹಾದ ಅಮೆರಿಕನ್ನರು ಇಂಟರ್ನೆಟ್ಟಿನಲ್ಲಿ ಮೋಸಹೋಗಿ ತರಿಸಿಕೊಂಡ ಕಾರ್ಡುಗಳೆಲ್ಲ ನಜ್ಮಾದ ಆ ಮಂಚದ ಕೆಳಗೆ ಬಂದು ಸೇರತೊಡಗಿದವು. ಜಗತ್ತೆಲ್ಲ ಅಸಲಿಯನ್ನು ಇಟ್ಟುಕೊಂಡು ನಕಲಿಯನ್ನು ಎಸೆದರೆ ಇವರದು ಉಲ್ಟಾ. ಸುಮ್ಮನೆ ಇಟ್ಟುಕೊಳ್ಳುವುದೂ ಅಲ್ಲ. ಪ್ರತಿಯೊಂದರ ಬೆನ್ನ ಮೇಲೆ ಡೂಪ್ಲಿಕೇಟ್ ಎನ್ನಲು 'ಡೂ' ಎಂದು ಕನ್ನಡದಲ್ಲಿ ಬರೆಯುತ್ತಿದ್ದರು.

"ಕನ್ನಡದಲ್ಲಿ ಬರೆದರೆ ಅಮೆರಿಕದವರಿಗೆ ಹೇಗೆ ಗೊತ್ತಾಗ್ತದೆ ಭಾವ?" ಎಂದು ಕೇಳಿದೆ.

"ಅದು ಅವರ ಕರ್ಮ. ನನ್ನ ಕೈ ದಾಟಿ ಹೋಗಿ ಇನ್ನೊಬ್ಬನಿಗೆ ಟೋಪಿ ಹಾಕ್ಬಾರದು, ಅಷ್ಟೇ," ಎಂದರು.

ಶುಕ್ರವಾರ ಮಧ್ಯಾಹ್ನ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದರೆ ನಕಲಿ ಕಾರ್ಡುಗಳ ಪುರಾಣ ಶುರು. ಮೊದಲು ಈ ಕಾರ್ಡು ಸಿಗರೇಟಿನ ಪ್ಯಾಕಿನೊಳಗೆ ಬರುತ್ತಿತ್ತಂತೆ, ಆಮೇಲೆ ಚ್ಯೂಯಿಂಗ್ ಗಮ್ಮಿನ ಜೊತೆ. ಮಕ್ಕಳು ಸೈಕಲ್ಲಿನ ಕಡ್ಡಿಗೆ ಸಿಕ್ಕಿಸಿ ಪಟಪಟ ಸದ್ದು ಮಾಡಿಕೊಂಡು ಸುಖವಾಗಿದ್ದರು. ದೊಡ್ಡವರು ಬೆಲೆ ಕಟ್ಟಲು ಶುರುಮಾಡಿದ ಮೇಲೆ ಕಳ್ಳರು ಬಂದರು. ಎಲ್ಲಕ್ಕಿಂತ ಹೆಚ್ಚು ಬೆಲೆ ಬರುವ, ಹೊಸ ಆಟಗಾರನ ಮೊದಲ ಕಾರ್ಡನ್ನೇ ರಾಶಿಗಟ್ಟಲೆ ಅಚ್ಚು ಹಾಕಿದರು. ಹಳೆಯ ಕಾರ್ಡಿನ ಮರುಮುದ್ರಣ ಎಂದು ಪ್ರಾಮಾಣಿಕವಾಗಿ ಅಚ್ಚಾದದ್ದರ ಬೆನ್ನನ್ನು ಕೆರೆದು ಆ ಮಾತನ್ನೇ ಅಳಿಸಿದರು. ಚಹಾದಲ್ಲಿ ಅದ್ದಿ ಹಳತು ಮಾಡಿದರು. ಮೂಲೆ ಸವೆದದ್ದನ್ನು ಕತ್ತರಿಸಿ ಚೂಪು ಮಾಡಿದರು. ಇದಕ್ಕೆ ಮದ್ದೆಂದು ಪರೀಕ್ಷೆ ಮಾಡುವ ಕಂಪನಿಗಳು ಹುಟ್ಟಿ, ಅಸಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ನಂಬರ್ ಅಂಟಿಸಿದವು.

"ಅಲ್ಲಿಗೆ ಮುಗಿಯಿತಲ್ಲ," ಎಂದಳು ನನ್ನ ಹೆಂಡತಿ.

"ಎಂತ ಮುಗಿಯುವುದು? ಡಬ್ಬಿಯನ್ನೇ ಡೂಪ್ಲಿಕೇಟ್ ಮಾಡಿದ್ರು," ಎಂದು ಭಾವ ಮೊಸರು ಕಲಸಿದರು.

ಒಮ್ಮೆ ಎಲ್ಲಿಂದಲೋ ನೇರಳೆ ಬೆಳಕಿನ ಟಾರ್ಚು ತಂದರು. ಹೊಸ ಕಾಲದ ಕಾಗದ ಆ ಬೆಳಕಿಗೆ ಹೊಳೆಯುತ್ತದೆ, ನಿಜವಾದ ಹಳೆಯ ಕಾಗದ ಹೊಳೆಯುವುದಿಲ್ಲ. ನಮ್ಮ ಹಾಲ್‌ನ ಪರದೆ ಎಳೆದು ಕತ್ತಲು ಮಾಡಿ ಟಾರ್ಚು ಹಾಕಿದರೆ ಕಾರ್ಡಿನ ಜೊತೆ ನನ್ನ ಬಿಳಿ ಅಂಗಿಯೂ, ಸೋಫಾದ ಕವರೂ, ಊಟಕ್ಕೆ ಬಂದಿದ್ದ ನನ್ನ ಆಫೀಸಿನ ಅಕೌಂಟೆಂಟನ ಹಲ್ಲುಗಳೂ ಹೊಳೆದವು, ಮುಂದಿನ ಎರಡು ಮಾತ್ರ ಹೊಳೆಯಲಿಲ್ಲ. "ಆ ಎರಡು ಡೂಪ್ಲಿಕೇಟ್," ಎಂದರು ಭಾವ ಕತ್ತಲಲ್ಲೇ. ಅಕೌಂಟೆಂಟ್ ಮತ್ತೆ ನಮ್ಮಲ್ಲಿಗೆ ಊಟಕ್ಕೆ ಬರಲಿಲ್ಲ.

ಸಕ್ಕರೆ ಕಾಯಿಲೆ ಅವರಿಗೆ ಮೊದಲೇ ಇತ್ತು. ಕ್ಲಿನಿಕ್ಕಿನ ಡಾಕ್ಟರು ಕಣ್ಣಿನ ಒಳಗೆ ರಕ್ತ ಒಸರುತ್ತಿದೆ, ತಡಮಾಡಬೇಡಿ ಎಂದು ಬರೆದುಕೊಟ್ಟಾಗ ಭಾವ ಆ ಚೀಟಿಯನ್ನೂ ಕನ್ನಡಿಯಲ್ಲಿ ನೋಡಿದರು. "ಈ ಸೀಲು ಸ್ಕ್ಯಾನ್ ಮಾಡಿದ್ದು," ಎಂದು ಮಡಚಿ ಕಿಸೆಗೆ ಹಾಕಿಕೊಂಡರು. ನಾನು ಗಟ್ಟಿಯಾಗಿ ನಕ್ಕೆ. ಹೆಂಡತಿ ನಗಲಿಲ್ಲ. ಪ್ರೆಸ್ಸಿನಲ್ಲಿ ಯಾರಿಗೂ ಹೇಳಬಾರದೆಂದು ನಮ್ಮಿಬ್ಬರಿಂದಲೂ ಮಾತು ತೆಗೆದುಕೊಂಡರು. ಆ ಬೇಸಿಗೆಯಲ್ಲಿ ಅವರು ಸಾರನ್ನು ತಟ್ಟೆಯ ಹೊರಗೆ ಬಡಿಸಿಕೊಂಡಾಗ, ಒಂದು ಕಾಲಿಗೆ ಕಪ್ಪು ಒಂದು ಕಾಲಿಗೆ ಕಂದು ಸಾಕ್ಸು ಹಾಕಿ ಬಂದಾಗ, ನಾನು ಒಂದೊಂದಕ್ಕೂ ಒಂದೊಂದು ಜೋಕು ಮಾಡಿದೆ. ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ನನಗೆ ಅವರ ಮೇಲೆ ಒಂದು ಸಣ್ಣ ಸಿಟ್ಟೂ ಇತ್ತು. ಹೆಂಡತಿ ನನಗೆ ಕೊಡಿಸಿದ್ದ ಕೈಗಡಿಯಾರವನ್ನು ಹಿಂದೊಮ್ಮೆ ನೆಂಟರೆಲ್ಲರ ಎದುರಿಗೆ ಬಿಚ್ಚಿಸಿ ನೋಡಿ ಡೂಪ್ಲಿಕೇಟ್ ಎಂದಿದ್ದರು. ಡೂಪ್ಲಿಕೇಟೇ ಆಗಿತ್ತು, ಆ ಮಾತು ಬೇರೆ. ಸೇಡು ತೀರಿಸಿಕೊಳ್ಳಲು ನಾನೇ ಒಂದು ಕಾರ್ಡು ತಯಾರಿಸಿದೆ. ಇಂಟರ್ನೆಟ್ಟಿನಿಂದ ಯಾವನೋ ಹಳೆಯ ಆಟಗಾರನ ಕಾರ್ಡಿನ ಚಿತ್ರ ಇಳಿಸಿ, ಆಫೀಸಿನ ಪ್ರಿಂಟರಿನಲ್ಲಿ ತೆಗೆದು, ರಟ್ಟಿಗೆ ಅಂಟಿಸಿ ಚಹಾ ಬಳಿದೆ. ಆ ಪ್ರಿಂಟರು ಏನು ಕೊಟ್ಟರೂ ನಡುವೆ ಒಂದು ಹಳದಿ ಗೆರೆ ಎಳೆಯುತ್ತಿತ್ತು. ಗೆರೆ ಆಟಗಾರನ ಮೂಗಿನ ಮೇಲೇ ಹಾದುಹೋಗಿತ್ತು. ನೋಡಿದ ಕೂಡಲೇ ಅವರು ಬೈಯಬೇಕು, ನಾನು ನಗಬೇಕು, ನನ್ನ ಲೆಕ್ಕ ಅಷ್ಟೇ ಇತ್ತು.

ಶುಕ್ರವಾರ ಊಟಕ್ಕೆ ಮೊದಲು, ಆಫೀಸಿನಲ್ಲಿ ಒಬ್ಬರು ಪರೀಕ್ಷೆಗೆ ಕೊಟ್ಟಿದ್ದಾರೆ ಎಂದು ಅವರ ಕೈಗಿಟ್ಟೆ. ಭಾವ ಕಿಟಕಿಯ ಹತ್ತಿರ ಹೋದರು. ಕನ್ನಡಿ ಹಿಡಿದು ನೋಡಿದರು, ಕಾರ್ಡು ತಿರುಗಿಸಿ ನೋಡಿದರು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರು. ಅಷ್ಟು ಹೊತ್ತು ಅವರು ಯಾವ ಕಾರ್ಡನ್ನೂ ನೋಡಿದ್ದಿಲ್ಲ.

"ಇದು ಒರಿಜಿನಲ್," ಎಂದರು. "ಜಾಗ್ರತೆ ಮಾಡಿ ವಾಪಸ್ ಕೊಡು."

ನನ್ನ ಬಾಯಿಗೆ ಬಂದಿದ್ದ ನಗು ಅಲ್ಲೇ ಸತ್ತುಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಕಾರ್ಡು ಮಾಡಿದ್ದು ಯಾರೆಂದು ಅವಳಿಗೆ ಗೊತ್ತಿತ್ತು.

ಒಂದು ವಾರ ನಾನು ಸುಮ್ಮನಿದ್ದೆ. ಹೇಳದೆ ಬಿಟ್ಟರೆ ಅವರಿಗೆ ಇನ್ನಷ್ಟು ದಿನ ನೆಮ್ಮದಿ ಸಿಗುತ್ತದೆ ಎನಿಸುತ್ತಿತ್ತು. ಆದರೆ ಜೀವನವಿಡೀ ಒಂದು ನಕಲಿಯನ್ನೂ ಗುರುತು ಹಾಕದೆ ಬಿಡದ ಮನುಷ್ಯನಿಗೆ ನಾನೇ ನಕಲಿ ಕೊಟ್ಟು ದಕ್ಕಿಸಿಕೊಳ್ಳುವುದು ನನ್ನಿಂದಾಗಲಿಲ್ಲ. ಮುಂದಿನ ಶುಕ್ರವಾರ ಕಾರ್ಡನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ಪ್ರಿಂಟರು, ಚಹಾ, ಮೂಗಿನ ಮೇಲಿನ ಹಳದಿ ಗೆರೆ.

ಭಾವ ಬೈಯಲಿಲ್ಲ. ಬಹಳ ಹೊತ್ತು ಬೆರಳಿನಿಂದ ಕಾರ್ಡಿನ ಅಂಚು ಸವರಿದರು.

"ಎರಡು ತಿಂಗಳಾಯ್ತು ಮಾರಾಯ," ಎಂದರು. "ಮೆಷಿನ್ನಿನ ಫಿಲಿಪಿನೋ ಹತ್ರ ಬಣ್ಣ ಹೇಗುಂಟು ಕೇಳುವುದು. ಅವನು ಗುಡ್ ಸರ್ ಅಂತಾನೆ. ನಾನು ಸಹಿ ಹಾಕುವುದು. ಅದೂ ಡೂಪ್ಲಿಕೇಟೇ ಅಲ್ವಾ."

"ಈಗ ಎಂತ ಮಾಡುವುದು ಅಣ್ಣ?" ಎಂದಳು ಹೆಂಡತಿ.

"ನಾಳೆ ಬೆಳಿಗ್ಗೆ ಮ್ಯಾನೇಜರ್ ಹತ್ರ ಹೋಗಿ ಹೇಳ್ತೇನೆ. ವೀಸಾ ಕ್ಯಾನ್ಸಲ್ ಮಾಡ್ಲಿ. ಊರಿಗೆ ಹೋಗುವುದು."

ಅಷ್ಟು ಹೇಳಿ ಅವರು ಹಗುರಾದವರಂತೆ ಸೋಫಾಕ್ಕೆ ಒರಗಿದರು. ಕಾರ್ಡು ಇನ್ನೂ ಕೈಯಲ್ಲೇ ಇತ್ತು. ಅದನ್ನು ನನ್ನ ಕಡೆ ಚಾಚಿ ಒಂದು ಮಾತು ಕೇಳಿದರು.

"ಈ ಜನ ನೋಡ್ಲಿಕ್ಕೆ ಹೇಗಿದ್ದಾನೆ?"

ನನಗೆ ಅರ್ಥವಾಗಲಿಲ್ಲ.

"ಇಷ್ಟು ವರ್ಷ ನಾನು ಚುಕ್ಕಿ ಮಾತ್ರ ನೋಡಿದ್ದು. ಒಬ್ಬನ ಮುಖವೂ ಸರಿಯಾಗಿ ನೋಡ್ಲಿಲ್ಲ. ಹೇಳು."

"ಕಿವಿ ದೊಡ್ಡದು," ಎಂದೆ. "ಟೊಪ್ಪಿ ಸ್ವಲ್ಪ ಓರೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾನೆ."

"ನಗಾಡ್ತಾ ಇದ್ದಾನಾ?"

"ಇಲ್ಲ. ಫೋಟೋ ತೆಗೆದಾದ ಮೇಲೆ ನಕ್ಕಿರಬಹುದು."

"ಪ್ರಾಯ ಎಷ್ಟು?"

"ಇಪ್ಪತ್ತೆರಡೋ ಇಪ್ಪತ್ತಮೂರೋ."

"ಸಣ್ಣ ಹುಡುಗ," ಎಂದರು ಭಾವ. ತಾವು ದೋಹಾಕ್ಕೆ ಬಂದಿಳಿದ ಪ್ರಾಯವನ್ನು ನೆನೆಸಿಕೊಂಡರೋ ಏನೋ. ಆಮೇಲೆ ಚೀಲದಿಂದ ನಕಲಿ ಕಾರ್ಡುಗಳ ಆಲ್ಬಮ್ ತೆಗೆದು ನನ್ನ ಮಡಿಲಲ್ಲಿಟ್ಟು, "ಇನ್ನೊಬ್ಬನದು ಹೇಳು," ಎಂದರು.

ನಾನು ಒಂದೊಂದೇ ಮುಖ ಹೇಳುತ್ತಾ ಹೋದೆ. ಒಬ್ಬ ಕೆಂಪು ಕೂದಲಿನವನು, ಒಬ್ಬ ಬಾಯಲ್ಲಿ ಏನೋ ಅಗಿಯುತ್ತಿರುವವನು, ಒಬ್ಬ ಅತ್ತು ಬಂದವನ ಹಾಗೆ ಕಾಣುವವನು. ಭಾವ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾಲ್ಕನೆಯ ಪುಟದಲ್ಲಿ ನಾನು ನಿಲ್ಲಿಸಿದೆ. ಹೆಂಡತಿ ಕೈಯಲ್ಲಿದ್ದ ಸೌಟು ಬದಿಗಿಟ್ಟು ಬಂದು, ನನ್ನ ಮಡಿಲಿನಿಂದ ಆಲ್ಬಮ್ ತೆಗೆದುಕೊಂಡು ಅವರ ಪಕ್ಕದಲ್ಲಿ ಕೂತಳು.

"ಇವನಿಗೆ ಮೀಸೆ ಉಂಟು ಅಣ್ಣ," ಎಂದು ಮುಂದುವರಿಸಿದಳು.