ಬಿದ್ದವನು ಎದ್ದ ಮೇಲೆ

ಪಾಠದಣ್ಣನ ಕಷ್ಟಕ್ಕೆಲ್ಲ ಮೂಲ, ಭಾನುವಾರ ಅವನು ಚರ್ಚಿನಲ್ಲಿ ಆಡಿದ ಐದು ನಿಮಿಷದ ಮಾತು. ಬೇರೆಯವರು ಬಾಯಿ ತಪ್ಪಿ ಏನೋ ಆಡಿ ಕೆಡುತ್ತಾರೆ. ಇವನು ಬಹಳ ಚೆನ್ನಾಗಿ ಮಾತಾಡಿ ಕೆಟ್ಟ.

ಅವನು ಶವದ ಗಾಡಿಯ ಡ್ರೈವರ್. ಶವಪೆಟ್ಟಿಗೆ ಮಾಡಿ ಮಾರುವ ಯಜಮಾನನ ಹತ್ತಿರ ಕೆಲಸ. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಗಾಡಿ, ಶೆಡ್ಡಿನ ಮೇಲಿನ ಒಂಟಿ ರೂಮಿನಲ್ಲಿ ಅವನು ಮತ್ತು ಅವನ ಹೆಂಡತಿ. ರೂಮು ಇರುವುದು ಸ್ಟಿಯರಿಂಗ್ ಹಿಡಿದವನಿಗೆ ಎಂದು ಯಜಮಾನ ಮೊದಲ ದಿನವೇ ಹೇಳಿದ್ದ. ಸ್ಟಿಯರಿಂಗ್ ಹೋದರೆ ತಲೆಯ ಮೇಲಿನ ಸೂರೂ ಹೋಯಿತು. ಕೂದಲು ನರೆತ, ಒಂದು ಮೊಣಕಾಲು ಮಾತು ಕೇಳದ ಆ ಮನುಷ್ಯನಿಗೆ ಇನ್ನಾರೂ ಗಾಡಿ ಕೊಡುವಂತಿರಲಿಲ್ಲ. ಇದು ಅವನಿಗೂ ಗೊತ್ತಿತ್ತು, ಅವನ ಹೆಂಡತಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಕಂಡದ್ದರಲ್ಲೆಲ್ಲ ದೇವರ ಪಾಠ ಹುಡುಕುವುದು ಅವನ ಚಟ. ಚಟ ಎಂದರೆ ಅವನಿಗೆ ಸಿಟ್ಟು ಬರುತ್ತದೆ, ಆದರೆ ಅದಕ್ಕೆ ಬೇರೆ ಹೆಸರು ನನಗೆ ತಿಳಿಯದು. ಹಾಲು ಉಕ್ಕಿದರೆ ಅಹಂಕಾರದ ಪಾಠ. ನಲ್ಲಿ ತೊಟ್ಟಿಕ್ಕಿದರೆ ಸಣ್ಣ ಪಾಪಗಳ ಪಾಠ. ಹೆಂಡತಿ ಒಲೆಯ ಮುಂದೆ ಕೈ ಸುಟ್ಟುಕೊಂಡಾಗ ಮುಲಾಮು ಹುಡುಕುವುದಕ್ಕೆ ಮೊದಲು ನರಕದ ಪಾಠ ಹೇಳಿದ್ದ. ಆಕೆ ವಾರವಿಡೀ ಅವನ ಜೊತೆ ಮಾತು ಬಿಟ್ಟಳು. ಅದರಿಂದ ಅವನಿಗೆ ಮೌನದ ಮಹಿಮೆಯ ಪಾಠ ಸಿಕ್ಕಿತು. ಇಂಥ ಪ್ರತಿಭೆ ವ್ಯರ್ಥವಾಗಬಾರದೆಂದು ಪಾಸ್ಟರ್ ಪ್ರತಿ ಭಾನುವಾರ ತಮ್ಮ ಪ್ರಸಂಗಕ್ಕೆ ಮುಂಚೆ ಅವನಿಗೆ ಐದು ನಿಮಿಷ ಬಿಟ್ಟುಕೊಟ್ಟಿದ್ದರು. ಅಲ್ಲಿಂದ ಅವನಿಗೆ ಪಾಠದಣ್ಣ ಎಂಬ ಹೆಸರು ಅಂಟಿಕೊಂಡಿತು.

ಯಜಮಾನನಿಗೆ ಮಾತ್ರ ಈ ಪಾಠಗಳಿಂದ ತಲೆನೋವೇ ಹೊರತು ಬೇರೇನೂ ಸಿಕ್ಕಿರಲಿಲ್ಲ. ಒಮ್ಮೆ ಸತ್ತ ಇರುವೆಯನ್ನು ಹೊತ್ತು ರಸ್ತೆ ದಾಟುತ್ತಿದ್ದ ಇರುವೆಗಳನ್ನು ಕಂಡು ಪಾಠದಣ್ಣ ಹೆಣದ ಸಮೇತ ಗಾಡಿ ನಿಲ್ಲಿಸಿ ಕಣ್ಣೊರೆಸಿಕೊಂಡಿದ್ದ. ಇನ್ನೊಮ್ಮೆ ಸಿಗ್ನಲ್ಲಿನಲ್ಲಿ ಕೆಂಪು ದೀಪ ಹಸಿರಾದದ್ದು ಥೇಟ್ ದೇವರ ಕೃಪೆಯ ಹಾಗೆಯೇ ಎಂದು ಯೋಚಿಸುತ್ತ ಅದು ಮತ್ತೆ ಕೆಂಪಾಗುವವರೆಗೂ ಕೂತಿದ್ದ. ಎರಡು ಸಲವೂ ಸಮಾಧಿಯ ಬಳಿ ಜನ ಬಿಸಿಲಲ್ಲಿ ಬೆಂದಿದ್ದರು, ಯಜಮಾನ ಎಲ್ಲರ ಮುಂದೆ ಕೈ ಮುಗಿದಿದ್ದ.

ಕಳೆದ ಭಾನುವಾರ ಪಾಠದಣ್ಣ ಎತ್ತಿಕೊಂಡದ್ದು ಹಳೆಯ ಕತೆಯನ್ನೇ. ಕಳ್ಳರು ಹೊಡೆದು ಬಿಸಾಕಿ ಹೋದ ಮನುಷ್ಯ ದಾರಿಯಲ್ಲಿ ಬಿದ್ದಿರುತ್ತಾನೆ. ಮೊದಲು ಬಂದ ಯಾಜಕ ನೋಡಿ ಹೋಗುತ್ತಾನೆ, ಎರಡನೆಯವನೂ ನೋಡಿ ಹೋಗುತ್ತಾನೆ, ಯಾರೂ ಲೆಕ್ಕಕ್ಕಿಟ್ಟಿರದ ಮೂರನೆಯವನು ನಿಲ್ಲುತ್ತಾನೆ. "ಮೊದಲಿನ ಇಬ್ಬರೂ ಕೆಟ್ಟವರಲ್ಲ. ಅವರಿಗೆ ಡ್ಯೂಟಿ ಇತ್ತು, ಟೈಮ್ ಆಗಿತ್ತು, ಅಷ್ಟೇ. ಹಾಗಾದ್ರೆ ನಮ್ಮಲ್ಲಿ ಯಾರಿಗೆ ಟೈಮ್ ಇದೆ?" ಎಂದು ಪಾಠದಣ್ಣ ಕೇಳಿದಾಗ ಮುಂದಿನ ಬೆಂಚಿನಲ್ಲಿದ್ದ, ಚರ್ಚಿನವರೆಲ್ಲ ದೊಡ್ಡಮ್ಮ ಎಂದು ಕರೆಯುವ ಹಿರಿಯ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ಎಂದೂ ಕಣ್ಣು ಒದ್ದೆ ಮಾಡಿಕೊಳ್ಳದ ಯಜಮಾನನೂ ಮೂಗು ಒರೆಸಿಕೊಂಡ. ಆ ದಿನ ಪಾಠದಣ್ಣ ನೆಲ ಮುಟ್ಟದೆ ಮನೆಗೆ ಹೋದ.

ಬುಧವಾರ ದೊಡ್ಡಮ್ಮನ ತಮ್ಮನ ಅಂತ್ಯಕ್ರಿಯೆ. ತಮ್ಮ ಗಡಿಯಾರ ರಿಪೇರಿ ಮಾಡುತ್ತಿದ್ದವನು, ಜೀವಮಾನದಲ್ಲಿ ಎಲ್ಲಿಗೂ ತಡವಾಗಿ ಹೋದವನಲ್ಲ. ಬೆಳಿಗ್ಗೆ ಯಜಮಾನ ಗಾಡಿಯ ಕೀ ಕೊಡುವಾಗ ಅದನ್ನು ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡ.

"ಇದು ಕೊನೇ ಸಲ. ಇವತ್ತು ಗಂಟೆ ಹೊಡೆಯೋ ಮುಂಚೆ ಗಾಡಿ ಚರ್ಚ್ ಮುಂದೆ ಇರ್ಬೇಕು. ಬೇರೆ ಒಬ್ಬ ಡ್ರೈವರ್‌ಗೆ ಅಲ್ಲಿಗೇ ಬಾ ಅಂತ ಹೇಳಿದ್ದೀನಿ. ನೀನು ತಡ ಮಾಡಿದ್ರೆ ವಾಪಸ್ ಗಾಡಿ ಓಡಿಸೋನು ಅವನು."

ಪಾಠದಣ್ಣ ತಲೆಯಾಡಿಸಿದ. ಈ ದಿನ ಆಕಾಶವೇ ಕಳಚಿ ಬಿದ್ದರೂ ಅದರಲ್ಲಿ ಪಾಠ ಹುಡುಕುವುದಿಲ್ಲ ಎಂದು ಶಪಥ ಮಾಡಿಕೊಂಡ.

ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತರು. ಹಿಂದೆ ತಮ್ಮನ ಪೆಟ್ಟಿಗೆ, ಅದರ ಸುತ್ತ ಹೂವಿನ ಚಕ್ರಗಳು. ಊರು ದಾಟಿ ಬಯಲಿನ ರಸ್ತೆಗೆ ಬಂದಾಗ ಬೇಕಾದಷ್ಟು ಹೊತ್ತು ಉಳಿದಿತ್ತು. ಆಗ ಪಾಠದಣ್ಣನಿಗೆ ರಸ್ತೆ ಬದಿಯ ಚರಂಡಿಯ ಅಂಚಿನಲ್ಲಿ ಒಬ್ಬ ಬಿದ್ದಿರುವುದು ಕಾಣಿಸಿತು.

ನಿಜ ಹೇಳಬೇಕೆಂದರೆ ಅವನು ನಿಲ್ಲಿಸಲಿಲ್ಲ. ಕಣ್ಣನ್ನು ಎದುರಿನ ರಸ್ತೆಗೆ ಮೊಳೆ ಹೊಡೆದಂತೆ ನೆಟ್ಟು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದ. ಕುಡಿದು ಮಲಗಿರಬಹುದು. ಬಿಸಿಲು ಕಾಯಿಸುತ್ತಿರಬಹುದು. ಹಿಂದೆ ಬರುವವರು ಯಾರಾದರೂ ನೋಡಿಕೊಳ್ಳಬಹುದು. ಇಷ್ಟೆಲ್ಲ ಅಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ದೊಡ್ಡಮ್ಮನ ಕತ್ತು ನಿಧಾನವಾಗಿ ಅವನ ಕಡೆ ತಿರುಗಿತು.

"ಭಾನುವಾರ ಏನೋ ಹೇಳ್ತಿದ್ದೆಯಲ್ಲಪ್ಪಾ" ಎಂದರು ದೊಡ್ಡಮ್ಮ.

"ಟೈಮ್ ಆಗ್ತಾ ಇದೆ ದೊಡ್ಡಮ್ಮ."

"ಹೂಂ. ಅದನ್ನೇ ಹೇಳಿದ್ದು ನೀನು."

ಪಾಠದಣ್ಣ ಬ್ರೇಕ್ ಹಾಕಿದ. ಗಾಡಿ ಕುಂಯ್ ಎನ್ನುತ್ತ ಹಿಂದಕ್ಕೆ ಬಂತು. ಬಿದ್ದವನು ಮೂವತ್ತರ ಆಸುಪಾಸಿನವನು, ಒಗೆದು ಇಸ್ತ್ರಿ ಮಾಡಿದ ಶರ್ಟು, ಮುಖ ಸುಣ್ಣದ ಗೋಡೆಯ ಹಾಗೆ ಬಿಳುಚಿತ್ತು. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಮುಂದೆ ಇರುವುದು ಎರಡೇ ಸೀಟು. ಹಿಂದೆ ಹಾಕೋಣವೆಂದರೆ ಪೆಟ್ಟಿಗೆ. ಪಾಠದಣ್ಣ ಹಿಂದೆ ಮುಂದೆ ನೋಡಿದ. ದೊಡ್ಡಮ್ಮ ಯೋಚಿಸಲೂ ಇಲ್ಲ. ತಮ್ಮನಿಗೆ ಒಬ್ಬನೇ ಹೋಗುವುದು ಮೊದಲಿನಿಂದ ಆಗಿಬರದು, ಜೊತೆಗೊಬ್ಬರಿದ್ದರೆ ಒಳ್ಳೆಯದೇ ಎಂದರು. ಮಾತು ಕೇಳದ ಮೊಣಕಾಲಿನ ಮೇಲೆ ಭಾರ ಬಿಟ್ಟು ಬಿದ್ದವನನ್ನು ಎತ್ತಿ ಪೆಟ್ಟಿಗೆಯ ಪಕ್ಕದಲ್ಲಿ ಹೂವಿನ ಮೇಲೆ ಮಲಗಿಸುವಾಗ ಪಾಠದಣ್ಣನ ಸೊಂಟ ಕಟಕ್ ಎಂದಿತು.

ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ಕಾವಲುಗಾರ ಅಡ್ಡ ಬಂದ. ಈ ಗಾಡಿ ಇಲ್ಲಿಂದ ತೆಗೆದುಕೊಂಡು ಹೋಗಲು ಬರುವಂಥದು, ತಂದು ಬಿಡಲು ಬರುವಂಥದಲ್ಲ, ಒಳಗಿರುವ ರೋಗಿಗಳು ಕಿಟಕಿಯಿಂದ ನೋಡಿದರೆ ಎದೆ ಒಡೆದುಕೊಳ್ಳುತ್ತಾರೆ ಎಂದ. ಗಾಡಿಯೊಳಗೆ ಇರುವವನು ಬದುಕಿದ್ದಾನೆ ಎಂದು ಪಾಠದಣ್ಣ ಗೋಗರೆದ. ನಿಮ್ಮ ಗಾಡಿಯಲ್ಲಿ ಬಂದವರೆಲ್ಲ ಬದುಕಿದ್ದಾರೆ ಅಂತಲೇ ಮನೆಯವರು ಅಳುವುದು ಎಂದು ಕಾವಲುಗಾರ ಹಿಂದಿನ ಗೇಟು ತೋರಿಸಿದ.

ಹಿಂದಿನ ಗೇಟು ಶವಾಗಾರದ್ದು. ಅಲ್ಲಿಯ ಗುಮಾಸ್ತ ಬಾಯಲ್ಲಿ ಪೆನ್ನು ಕಚ್ಚಿಕೊಂಡು ಬಂದು ಗಾಡಿಯ ಬಾಗಿಲು ತೆಗೆದು ಒಳಗೆ ಬಗ್ಗಿದ. "ಇಬ್ಬರಾ? ಒಬ್ಬರಿಗೆ ಪೆಟ್ಟಿಗೇನೇ ತಂದಿಲ್ಲವಲ್ರೀ" ಎಂದ. ಆಗ ಪೆಟ್ಟಿಗೆ ಇಲ್ಲದವನು ಎದ್ದು ಕೂತು ಕುಡಿಯಲು ನೀರು ಕೇಳಿದ.

ವರ್ಷಗಟ್ಟಲೆ ಆ ಬಾಗಿಲಲ್ಲಿ ದುಡಿದ ಗುಮಾಸ್ತನನ್ನು ಅಂದಿನವರೆಗೆ ಯಾರೂ ನೀರು ಕೇಳಿರಲಿಲ್ಲ. ಅವನು ಹಿಂದಕ್ಕೆ ನೆಗೆದ, ಕಬ್ಬಿಣದ ಸ್ಟ್ರೆಚರಿಗೆ ಹಣೆ ಹೊಡೆದುಕೊಂಡ, ಅಲ್ಲೇ ಉರುಳಿದ. ಹಣೆಯಿಂದ ರಕ್ತ ಸುರಿಯತೊಡಗಿತು. ಪಾಠದಣ್ಣನೇ ಅವನನ್ನೂ ಎತ್ತಿ ಅದೇ ಸ್ಟ್ರೆಚರಿನಲ್ಲಿ ಮಲಗಿಸಿ ತುರ್ತು ವಿಭಾಗಕ್ಕೆ ತಳ್ಳಿಕೊಂಡು ಓಡಬೇಕಾಯಿತು. ಈಗ ಕಾವಲುಗಾರ ಮಾತಿಲ್ಲದೆ ಬಾಗಿಲು ತೆಗೆದ. ಒಳಗಿದ್ದವರೆಲ್ಲ ಗುಮಾಸ್ತನ ಸುತ್ತ ನೆರೆದರು. ಒಬ್ಬಳು ನರ್ಸ್ ಮಾತ್ರ ಹೊರಗೆ ಬಂದು ಹೂವಿನ ಮೇಲೆ ಕೂತವನ ನಾಡಿ ಹಿಡಿದು, ಹೊಟ್ಟೆಗಿಲ್ಲದೆ ತಲೆ ತಿರುಗಿದೆ, ಬೇರೇನಿಲ್ಲ ಎಂದು ಸಕ್ಕರೆ ನೀರು ಕುಡಿಸಿದಳು.

ಅವನು ನಿನ್ನೆಯಿಂದ ಏನೂ ತಿಂದಿರಲಿಲ್ಲವಂತೆ. ಯಾವುದೋ ಕೆಲಸದ ವಿಷಯಕ್ಕೆ ನಡೆದುಕೊಂಡು ಹೊರಟಿದ್ದನಂತೆ. ಬಸ್ಸಿಗೂ ಕೈಯಲ್ಲಿ ಕಾಸಿರಲಿಲ್ಲವಂತೆ. ದೊಡ್ಡಮ್ಮ ತಮ್ಮ ಚೀಲದಲ್ಲಿದ್ದ ಬಿಸ್ಕತ್ತು ಕೊಟ್ಟರು. ಅವನು ಪಾಠದಣ್ಣನ ಎರಡೂ ಕೈ ಹಿಡಿದುಕೊಂಡ.

"ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ ಅಣ್ಣ" ಎಂದ. ಅವನ ಕಣ್ಣಲ್ಲಿ ನೀರಿತ್ತು, ಅದು ನಿಜವಾದ ನೀರು.

ಗಂಟೆ ಹೊಡೆದು ಎಷ್ಟೋ ಹೊತ್ತಾಗಿದೆ ಎಂಬುದು ಪಾಠದಣ್ಣನ ತಲೆಯಲ್ಲಿತ್ತು, ಹೆಂಡತಿಯ ಮುಖ ಕಣ್ಣ ಮುಂದಿತ್ತು. ಆದರೂ ಒಳಗೆಲ್ಲೋ ಸಂತೋಷವಾಯಿತು. ಎಷ್ಟೋ ಪಾಠ ಹೇಳಿದ್ದ, ಮಾಡಿ ತೋರಿಸಿದ್ದು ಇದೇ ಮೊದಲು. ನೀನು ಎಲ್ಲಿಗೆ ಹೋಗಬೇಕಪ್ಪಾ ಎಂದು ಕೇಳಿದ. ಅವನು ಚರ್ಚಿನ ದಿಕ್ಕಿಗೇ ಕೈ ತೋರಿಸಿದ. ನಮ್ಮದೂ ಅದೇ ದಾರಿ ಎಂದು ಪಾಠದಣ್ಣ ಅವನನ್ನು ಮತ್ತೆ ಗಡಿಯಾರದವನ ಪಕ್ಕದಲ್ಲಿ ಕೂರಿಸಿದ.

ಚರ್ಚಿನ ಮುಂದೆ ಜನ ನೆರಳಿದ್ದ ಕಡೆಗೆಲ್ಲ ಹಂಚಿಹೋಗಿದ್ದರು. ಗುಂಡಿ ತೋಡಿದವರು ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಪಾಸ್ಟರ್ ಎರಡನೆಯ ಸಲ ಅದೇ ಪ್ರಾರ್ಥನೆ ಮಾಡಿ ಮೂರನೆಯದಕ್ಕೆ ಉಸಿರು ತೆಗೆದುಕೊಳ್ಳುತ್ತಿದ್ದರು. ಗೇಟಿನಲ್ಲಿ ಯಜಮಾನ ಒಬ್ಬನೇ ನಿಂತಿದ್ದ. ಪಾಠದಣ್ಣ ಇಳಿಯುತ್ತಲೇ ಅತ್ತಿತ್ತ ಕಣ್ಣಾಡಿಸಿದ. ಬೇರೆ ಡ್ರೈವರ್ ಎಂಬ ಪ್ರಾಣಿ ಎಲ್ಲೂ ಕಾಣಲಿಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು.

ಯಜಮಾನನ ಮುಖವೂ ಸೋತವನ ಮುಖದ ಹಾಗಿತ್ತು. "ಅವನು ಬರಲೇ ಇಲ್ಲ. ಇನ್ನು ನಿನ್ನನ್ನೇ ಇಟ್ಕೊಂಡು ಸಾಯ್ಬೇಕು. ನನ್ನ ಹಣೇಲಿ ಬರೆದದ್ದು ಅಷ್ಟೇ" ಎಂದು ಗಾಡಿಯ ಹಿಂದಿನ ಬಾಗಿಲು ತೆಗೆದ.

ಒಳಗಿಂದ, ಕೂದಲಿನ ತುಂಬ ಹೂವಿನ ಎಸಳು ಅಂಟಿಸಿಕೊಂಡ ಒಬ್ಬ ಮನುಷ್ಯ ಮೊದಲು ಇಳಿದ. ನೆರಳಿನಲ್ಲಿದ್ದ ಹೆಂಗಸರಲ್ಲಿ ಒಬ್ಬರು ಇದ್ದಲ್ಲೇ ಕುಸಿದು ಕೂತರು. ಅವನು ಶರ್ಟು ಕೊಡವಿಕೊಂಡು ಯಜಮಾನನಿಗೆ ಕೈ ಮುಗಿದ.

"ತಡವಾಯ್ತು, ಕ್ಷಮಿಸ್ಬೇಕು. ನೀವು ಬಾ ಅಂದಿದ್ರಲ್ಲ, ಡ್ರೈವರ್ ಕೆಲಸಕ್ಕೆ, ಅದು ನಾನೇ. ದಾರೀಲಿ ತಲೆ ತಿರುಗಿ ಬಿದ್ದಿದ್ದೆ. ಈ ಅಣ್ಣ ದೇವರ ಹಾಗೆ ಬಂದು ಎತ್ಕೊಂಡು ಬಂದ್ರು."

ಯಜಮಾನ ಅವನನ್ನು ನೋಡಿದ, ಪಾಠದಣ್ಣನನ್ನು ನೋಡಿದ. ನಿಧಾನವಾಗಿ ಅವನ ಮುಖ ಮೆತ್ತಗಾಯಿತು. ಭಾನುವಾರ ಮೂಗು ಒರೆಸಿಕೊಂಡಾಗ ಹೇಗಿತ್ತೋ ಹಾಗೆ.

"ನೋಡು, ನಾನೂ ಭಾನುವಾರ ಅಲ್ಲೇ ಕೂತಿದ್ದೆ" ಎಂದ. "ಎಷ್ಟೋ ಜನರ ಪ್ರಸಂಗ ಕೇಳಿದ್ದೀನಿ, ನಿನ್ನಷ್ಟು ಮನಸ್ಸಿಗೆ ತಟ್ಟೋ ಹಾಗೆ ಯಾರೂ ಹೇಳಿಲ್ಲ. ಬಿದ್ದವನು ಕಣ್ಣೆದುರಿಗೇ ನಿಂತಿರೋವಾಗ ನಾನು ಹೆಂಗಪ್ಪಾ ಕೈ ಬಿಡ್ಲಿ? ಗಾಡಿ ಕೀ ಕೊಡು."

ಪಾಠದಣ್ಣ ತನ್ನ ಪಾಠಕ್ಕೆ ತಾನೇ ಏನು ಎದುರು ಹೇಳುವುದು? ಕೀ ಕೊಟ್ಟ. ದೊಡ್ಡಮ್ಮ ಪಕ್ಕದಲ್ಲೇ ನಿಂತು ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ತಮ್ಮನಿಗಾಗಿಯೋ ಯಜಮಾನನ ಒಳ್ಳೆಯತನಕ್ಕಾಗಿಯೋ ಅವನಿಗೆ ತಿಳಿಯಲಿಲ್ಲ. ಆಗ ಅವನಿಗೆ ಅರಿವಾದದ್ದು ಒಂದೇ. ದಾರಿಯಲ್ಲಿ ಗಾಡಿ ನಿಲ್ಲಿಸದೆ ಬಂದಿದ್ದರೆ ಅವನ ಕೆಲಸವನ್ನು ಕಿತ್ತುಕೊಳ್ಳಲು ಭೂಮಿಯ ಮೇಲೆ ಯಾರೂ ಇರುತ್ತಿರಲಿಲ್ಲ.

ಮಣ್ಣಾದ ಮೇಲೆ ಅವನು ನಡೆದುಕೊಂಡು ಹೊರಟ. ಹೆಂಡತಿ ಸಂಜೆಯವರೆಗೆ ಬಟ್ಟೆ ಕಾರ್ಖಾನೆಯಲ್ಲಿರುತ್ತಾಳೆ. ಅವಳು ಬರುವ ಮುಂಚೆ ಮನೆ ಸೇರಿ, ಮುಖ ತೊಳೆದು, ಹೇಗೆ ಹೇಳುವುದೆಂದು ಯೋಚಿಸಬೇಕು. ಯೋಚಿಸುತ್ತಲೇ ಬಯಲಿನ ರಸ್ತೆಯಲ್ಲಿ ಚರಂಡಿಯ ಅಂಚಿನ ಮೇಲೆ ಕಾಲಿಟ್ಟ. ಅಂಚು ಜರಿಯಿತು. ಮೊಣಕಾಲು ಮಡಚಿತು. ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಬೆಳಿಗ್ಗೆ ಹೊಸ ಡ್ರೈವರ್ ಬಿದ್ದಿದ್ದ ಜಾಗ ಅಲ್ಲಿಂದ ಕೂಗಳತೆಯ ದೂರದಲ್ಲಿತ್ತು.

ಮೊದಲು ಬಂದದ್ದು ಪಾಸ್ಟರ್ ಅವರ ಸ್ಕೂಟರ್. ಪಾಠದಣ್ಣ ಕೈ ಎತ್ತಿದ. ಪಾಸ್ಟರ್ ಅದನ್ನು ನಮಸ್ಕಾರ ಎಂದುಕೊಂಡು ತಾವೂ ಕೈ ಎತ್ತಿ, ಇನ್ನೊಂದು ಪ್ರಾರ್ಥನೆಗೆ ತಡವಾಗಿದೆ ಎಂದು ಕೂಗಿ ಹೇಳಿ ಹೋದರು. ಎರಡನೆಯದಾಗಿ ದೊಡ್ಡಮ್ಮ ಕೂತಿದ್ದ ನೆಂಟರ ಕಾರು ಬಂತು. ಕಿಟಕಿಯ ಹಿಂದೆ ದೊಡ್ಡಮ್ಮನ ಕತ್ತು ನಿಧಾನವಾಗಿ ತಿರುಗಿತು. ಕಾರು ತುಂಬಿತ್ತು, ಮನೆ ತುಂಬ ಜನ ಕಾಯುತ್ತಿದ್ದರು, ದುಃಖದ ದಿನ ಬೇರೆ. ಕತ್ತು ನಿಧಾನವಾಗಿ ಮತ್ತೆ ಎದುರಿಗೆ ತಿರುಗಿತು.

ಮೂರನೆಯದು ಶವದ ಗಾಡಿ. ಅದು ಅವನನ್ನು ದಾಟಿ ಮುಂದೆ ಹೋಯಿತು. ಆಮೇಲೆ ಬ್ರೇಕ್ ಬಿತ್ತು. ಕುಂಯ್ ಎನ್ನುತ್ತ ಹಿಂದಕ್ಕೆ ಬಂತು.

ಪಾಠದಣ್ಣನ ಎದೆ ತುಂಬಿ ಬಂತು. ಮೂರನೆಯವನು ನಿಲ್ಲುತ್ತಾನೆ, ಕತೆಯಲ್ಲಿ ನಿಲ್ಲುತ್ತಾನೆ, ನಿಜವಾಗಿಯೂ ನಿಲ್ಲುತ್ತಾನೆ. ಕೆಲಸ ಹೋದರೂ ಪಾಠ ಸುಳ್ಳಾಗಲಿಲ್ಲ. ಬರುವ ಭಾನುವಾರ ಇದನ್ನೇ ಹೇಳಬೇಕು ಎಂದುಕೊಂಡು, ತನ್ನನ್ನು ಎತ್ತಿಕೊಳ್ಳಲು ಅನುಕೂಲವಾಗುವಂತೆ ಎರಡೂ ಕೈ ಚಾಚಿದ.

ಹೊಸ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಬಿಸ್ಕತ್ತು, ಸಕ್ಕರೆ ನೀರು ಒಳಗೆ ಹೋಗಿ ಮುಖಕ್ಕೆ ಕಳೆ ಬಂದಿತ್ತು.

"ಅಣ್ಣ, ದೇವರಾಣೆ ಹತ್ತಿಸ್ಕೊಳ್ತಿದ್ದೆ. ಆದ್ರೆ ಬೆಳಿಗ್ಗೆ ಆದದ್ದು ನೋಡಿ ಯಜಮಾನರು ಕಟ್ಟುನಿಟ್ಟಾಗಿ ಹೇಳಿಬಿಟ್ರು, ದಾರೀಲಿ ಬಿದ್ದವರನ್ನ ಗಾಡಿಗೆ ಹಾಕ್ಬಾರ್ದು ಅಂತ." ಅವನು ಸಂಕೋಚದಿಂದ ಕೈ ಚಾಚಿದ. "ರೂಮಿನ ಕೀ ನಿಮ್ಮ ಜೇಬಲ್ಲೇ ಉಳಿದಿದೆಯಂತೆ."

ಪಾಠದಣ್ಣ ಚಾಚಿದ ಕೈಯನ್ನು ಜೇಬಿಗೆ ಹಾಕಿ ಕೀ ತೆಗೆದು ಕೊಟ್ಟ.

"ನಿಮ್ಮ ಸಾಮಾನೆಲ್ಲ ನಾನೇ ಜೋಪಾನವಾಗಿ ಕೆಳಗಿಳಿಸಿ ಬೀದೀಲಿ ಇಟ್ಟಿರ್ತೀನಿ ಅಣ್ಣ. ನೀವೇನೂ ಅವಸರ ಮಾಡ್ಕೊಬೇಡಿ, ನಿಧಾನವಾಗಿ ಬನ್ನಿ" ಎಂದು ಅವನು ಗೇರು ಹಾಕಿದ.

ಧೂಳು ಇಳಿಯಿತು. ಪಾಠದಣ್ಣ ಅಭ್ಯಾಸಬಲದಿಂದ ಇದರಲ್ಲಿರುವ ಪಾಠವನ್ನು ಹುಡುಕಿದ. ಆ ಕತೆಯನ್ನು ಅವನು ಎಷ್ಟೋ ಸಲ ಹೇಳಿದ್ದ. ಬಿದ್ದವನು ಗಾಯ ಮಾಗಿ ಎದ್ದ ಮೇಲೆ ಯಾರ ಕೆಲಸಕ್ಕೆ ಹೋದ, ಯಾರ ಮನೆಯಲ್ಲಿ ಮಲಗಿದ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಳ್ಳುತ್ತ, ಬೀದಿಯಲ್ಲಿ ಸಾಮಾನಿನ ಪಕ್ಕ ನಿಂತು ಕಾಯಲಿರುವ ಹೆಂಡತಿಗೆ ಹೇಳಬೇಕಾದ ಮೊದಲ ಮಾತನ್ನು ಹುಡುಕುತ್ತ, ಅವನು ಕುಂಡೆಯೂರಿ ತೆವಳಿಕೊಂಡು ರಸ್ತೆಯ ಮೇಲಕ್ಕೆ ಬಂದ.