ಕಂಪ್ಯೂಟರಿನೊಳಗಿನ ಕಂಪ್ಯೂಟರಿಗೆ: ಇಲ್ಲದ ವೈರಿನ ವಿಚಾರವಾಗಿ

ಹೊಳೆನರಸೀಪುರ,
ಜೂನ್ ೨೦೦೯

ಮಾನ್ಯ ವರ್ಚುಯಲ್ ಮಷೀನ್ ಅವರ ಸನ್ನಿಧಾನಕ್ಕೆ,

ಇಲ್ಲಿನ ಖಾಸಗಿ ಪಾಲಿಟೆಕ್ನಿಕ್ ಒಂದರ ಕಂಪ್ಯೂಟರ್ ಉಪನ್ಯಾಸಕಿ ಗಂಗಾಂಬಿಕೆ ಮಾಡುವ ಸಾವಿರ ಸಾವಿರ ನಮಸ್ಕಾರಗಳು. ನಮ್ಮ ಪ್ರಿನ್ಸಿಪಾಲರ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರಿನ ವೇಷ ಧರಿಸಿ ಬಾಳುತ್ತಿರುವ ತಾವು ಕ್ಷೇಮವೆಂದು ಭಾವಿಸುತ್ತೇನೆ. ಖಾಸಗಿಯಾಗಿಯೇ ಬರೆಯಬೇಕೆಂದಿದ್ದೆ, ಆದರೆ ಜಾಲದಲ್ಲಿನ ವಿಳಾಸ ಕೇಳಿದಾಗಲೆಲ್ಲ ತಾವು ಬೇರೆ ಬೇರೆ ಸಂಖ್ಯೆ ಹೇಳುವುದರಿಂದ ಈ ಬಹಿರಂಗ ಪತ್ರವೇ ಗತಿಯಾಯಿತು.

ಈ ಸಲದ ಹೊಸ ಪಠ್ಯಕ್ರಮದಲ್ಲಿ, ಮೂರು ಕಂಪ್ಯೂಟರುಗಳ ನಡುವೆ ವೈರ್‌ಲೆಸ್ ಜಾಲ ಕಟ್ಟಿ ತೋರಿಸಬೇಕೆಂಬ ಪ್ರಾಯೋಗಿಕ ಪರೀಕ್ಷೆ ಬಂದದ್ದು ತಮಗೆ ತಿಳಿಯದ್ದೇನಲ್ಲ. ನಮ್ಮ ಲ್ಯಾಬಿನ ಹನ್ನೆರಡು ಕಂಪ್ಯೂಟರುಗಳಲ್ಲಿ ಒಂದಕ್ಕೂ ವೈರ್‌ಲೆಸ್ ಕಾರ್ಡ್, ಅಂದರೆ ಗಾಳಿಯಲ್ಲಿ ಮಾತಾಡುವ ಪುಟ್ಟ ರೇಡಿಯೊ, ಇರಲಿಲ್ಲ. ಪ್ರಿನ್ಸಿಪಾಲ್ ವರದರಾಜರಲ್ಲಿ ಹೋಗಿ ಕೇಳಿದರೆ, "ವೈರ್‌ಲೆಸ್ ಅಂದ್ರೆ ವೈರ್ ಇಲ್ಲ ಅಂತ ತಾನೇ, ಮೇಡಂ? ನಮ್ಮಲ್ಲಿ ಕಾರ್ಡೂ ಇಲ್ಲ. ಒಂದು ಹೆಜ್ಜೆ ಮುಂದೇನೇ ಇದೀವಿ" ಎಂದು ನಕ್ಕರು. ಆದರೂ ದೊಡ್ಡ ಮನಸ್ಸು ಮಾಡಿ, ವೈರ್‌ಲೆಸ್ ಇರುವ ತಮ್ಮ ಲ್ಯಾಪ್‌ಟಾಪನ್ನು ಕೊಟ್ಟರು. ಅದರೊಳಗೆ ತಮ್ಮಂಥ ಮೂವರನ್ನು ಪ್ರತಿಷ್ಠಾಪಿಸಿದರೆ ಮೂರು ವೈರ್‌ಲೆಸ್ ಕಂಪ್ಯೂಟರುಗಳಾದವು ಎಂಬುದು ನನ್ನ ಲೆಕ್ಕಾಚಾರ.

ತಾವು ಕಣ್ಣು ಬಿಟ್ಟೊಡನೆ ಘೋಷಿಸಿದ್ದೇನು? ವೈರ್ ಸಿಕ್ಕಿಸಲಾಗಿದೆ, ಸಂಪರ್ಕ ಸುಗಮವಾಗಿದೆ! ಲ್ಯಾಪ್‌ಟಾಪಿಗೆ ಕರೆಂಟಿನ ವೈರೂ ಇರಲಿಲ್ಲ, ಬ್ಯಾಟರಿಯಲ್ಲಿ ಓಡುತ್ತಿತ್ತು. ಹಳ್ಳಿಮೈಸೂರಿನಿಂದ ಬರುವ ನಮ್ಮ ಅಟೆಂಡರ್ ಬೋರಪ್ಪ ಮೇಜಿನ ಕೆಳಗೆ ತೆವಳಿ ಹುಡುಕಿ, ತಲೆಗೆ ಜೇಡರ ಬಲೆ ಮೆತ್ತಿಕೊಂಡು ಎದ್ದು, "ಎಲ್ಲೂ ಇಲ್ಲ ಕಣ್ರವ್ವಾ. ಐತೆ ಅಂತ ಯೋಳೋದು ಯಾರು, ಕರೀರಿ ಇತ್ಲಾಗೆ" ಎಂದರು. ಕರೆಯುವುದು ಯಾರನ್ನು? ಹೊರಗಿನ ಲ್ಯಾಪ್‌ಟಾಪು ಗಾಳಿಯಿಂದ ತಂದ ಸಂಪರ್ಕವನ್ನು ಒಳಗಿನ ತಮಗೆ ಇಲ್ಲದ ವೈರಿನ ರೂಪದಲ್ಲೇ ಕೊಡುವುದು ತಮ್ಮ ಮನೆತನದ ಪದ್ಧತಿಯೆಂದು ಆಮೇಲೆ ಓದಿ ತಿಳಿದೆ. ಮೂರು ವೈರ್‌ಲೆಸ್ ಕಂಪ್ಯೂಟರುಗಳೆಂಬ ನನ್ನ ಲೆಕ್ಕ ಸೊನ್ನೆಯಾಯಿತು. ಇಲ್ಲದ್ದನ್ನು ಇದೆಯೆಂದು ಅಷ್ಟು ಗಾಂಭೀರ್ಯದಿಂದ ಹೇಳುವ ತಮ್ಮ ಶಕ್ತಿಗೆ ಯಾವ ಸನ್ಮಾನವೂ ಸಾಲದು.

ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಇಪ್ಪತ್ತೆರಡು ಮಕ್ಕಳಲ್ಲಿ ಹರದನಹಳ್ಳಿಯ ವರ್ಷಾಗೆ ಹಿಂದಿನ ವಿಷಯವೊಂದು ಬಾಕಿಯಿದ್ದು, ಇದೂ ಹೋದರೆ ವರ್ಷವೇ ಹೋಗುವಂತಿತ್ತು. ಅವಳು ಅಳಲಿಲ್ಲ. ಸೈಬರ್ ಸೆಂಟರಿನಿಂದ ವೈರ್‌ಲೆಸ್ ಕುರಿತ ನಲವತ್ತು ಹಾಳೆ ಅಚ್ಚು ಹಾಕಿಸಿ ತಂದು ಎರಡು ದಿನ ಓದಿದಳು. ಮೂರನೆಯ ದಿನ, "ಮಿಸ್, ಕಾರ್ಡ್ ಇಲ್ದಿದ್ರೆ ಓಗ್ಲಿ. ಲಿನಕ್ಸ್‌ನಲ್ಲಿ ಸುಳ್ ರೇಡಿಯೊ ಮಾಡೋ ಆಜ್ಞೆ ಒಂದೈತೆ. ನಮ್ ಸುಳ್ ಕಂಪ್ಯೂಟರಿಗೆ ಸುಳ್ ರೇಡಿಯೊನೇ ಆಕ್ಬುಡಾನ" ಎಂದಳು. ತಮ್ಮನ್ನು ನಡೆಸುವ ಆ ಲಿನಕ್ಸ್ ತಂತ್ರಾಂಶಕ್ಕೆ ಕೊಟ್ಟ ಒಂದೇ ಸಾಲಿನ ಆಜ್ಞೆಗೆ ತಮ್ಮೊಬ್ಬರಲ್ಲೇ ಮೂರು ರೇಡಿಯೊ ಹುಟ್ಟಿದವು. ಒಂದು ಜಾಲವನ್ನು ಸಾರಿತು, ಇನ್ನೆರಡು ಕೇಳಿಸಿಕೊಂಡವು. ಕಾರ್ಡಿಲ್ಲ, ಆಂಟೆನಾ ಇಲ್ಲ, ನಡುವೆ ಗಾಳಿಯೂ ಇಲ್ಲ, ಸಿಗ್ನಲ್ ಮಾತ್ರ ಭರ್ತಿ! ಲ್ಯಾಬಿನಲ್ಲಿ ಎದ್ದ ಕೂಗಿಗೆ ಪಕ್ಕದ ಸಿವಿಲ್ ವಿಭಾಗದವರು ಭೂಕಂಪವೆಂದು ಹೊರಗೋಡಿ ಬಂದರು. ನಾನೂ ಕುಣಿದೆನೆಂಬ ವದಂತಿಯನ್ನು ಇಲ್ಲಿ ಅಲ್ಲಗಳೆಯುವುದಿಲ್ಲ.

ಪರೀಕ್ಷೆಯ ದಿನ ಅರಕಲಗೂಡಿನಿಂದ ಬಂದ ಪರೀಕ್ಷಕರು ಈಶ್ವರಯ್ಯನವರು. ಅವರು ನಕ್ಕದ್ದನ್ನು ಕಂಡವರು ಜಿಲ್ಲೆಯಲ್ಲಿಲ್ಲ. ತಮ್ಮ ಭರ್ತಿ ಸಿಗ್ನಲನ್ನು ನೋಡಿ, "ಸರಿ, ಲ್ಯಾಪ್‌ಟಾಪ್ ಎತ್ಕೊಂಡು ಗೇಟಿನವರೆಗೆ ಹೋಗಮ್ಮ. ದೂರ ಹೋದಂಗೆ ಸಿಗ್ನಲ್ ಇಳೀಬೇಕು" ಎಂದರು. ವರ್ಷಾ ಹೋದಳು, ಅವಳ ಹಿಂದೆ ಅವರು, ಅವರ ಹಿಂದೆ ನಾನು, ನನ್ನ ಹಿಂದೆ ಇಪ್ಪತ್ತೊಂದು ಮಕ್ಕಳು. ಗೇಟು ದಾಟಿದೆವು, ಬಸ್ ನಿಲ್ದಾಣ ದಾಟಿದೆವು. ಸ್ವಾಮೀ, ತಾವು ಒಂದು ಗೆರೆಯನ್ನಾದರೂ ಇಳಿಸಬಾರದಿತ್ತೇ? ಹೇಮಾವತಿಯ ಸೇತುವೆಯ ಮೇಲೂ ತಮ್ಮ ಸಿಗ್ನಲ್ ಭರ್ತಿಯೇ ಇತ್ತು!

ಈಶ್ವರಯ್ಯನವರು ಅಂಕಪಟ್ಟಿ ತೆಗೆದರು. ವರ್ಷಾ ಸೇತುವೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, "ಸಾ, ಮೂರ್ ರೇಡಿಯೊನೂ ಇದ್ರೊಳ್ಗೇ ಅವೆ, ದೂರ ಅನ್ನೋದು ಇದಕ್ಕೆ ಗೊತ್ತಿಲ್ಲ. ಅದ್ನ ನಾನ್ ಮಾಡಿಲ್ಲ, ಮಾಡಿವ್ನಿ ಅಂತಾನೂ ಅನ್ನಲ್ಲ. ಆದ್ರೆ ಮಿಕ್ಕಿದ್ದೆಲ್ಲ ನಿಜವಾಗೇ ನಡೀತೈತೆ. ತಪ್ ಪಾಸ್‌ವರ್ಡ್ ಒಡ್ದು ನೋಡಿ" ಎಂದಳು. ಅವರು ಹೊಡೆದರು, ತಾವು ಒಳಗೆ ಬಿಡಲಿಲ್ಲ. ಇನ್ನೊಂದು ಹೊಡೆದರು, ಬಿಡಲಿಲ್ಲ. ಶ್ರೀಮತಿಯವರ ಹೆಸರು, ಹುಟ್ಟಿದೂರು, ಸ್ಕೂಟರಿನ ನಂಬರು, ಎಲ್ಲ ಹೊಡೆದರು. ವರ್ಷಾ ಒಂದೊಂದು ನಿರಾಕರಣೆಯಲ್ಲೂ ರೇಡಿಯೊಗಳು ಪರಸ್ಪರ ಏನೆಂದವೆಂದು ಸಾಲುಸಾಲಾಗಿ ತೋರಿಸಿ ವಿವರಿಸಿದಳು. ಆರನೆಯ ಸಲ ಸರಿಯಾದದ್ದನ್ನು ಅವಳೇ ಹೇಳಿಕೊಟ್ಟಳು. ಬಾಗಿಲು ತೆರೆಯಿತು. ಈಶ್ವರಯ್ಯನವರು, ದೇವರಾಣೆಗೂ, "ಹ್ಹೆ!" ಎಂದರು.

ದೂರದ ಲೆಕ್ಕಕ್ಕೆ ಎಲ್ಲರಿಗೂ ಎರಡೆರಡು ಅಂಕ ಕಳೆದರು, ಉಳಿದದ್ದನ್ನು ಕೊಟ್ಟರು. ವರ್ಷಾ ಪಾಸು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ, "ಮೇಡಂ, ನಮ್ ಕಾಲೇಜಿನಲ್ಲೂ ಕಾರ್ಡಿಲ್ಲ. ನಾನು ಬೋರ್ಡಿನ ಮೇಲೆ ಮೂರು ಡಬ್ಬಿ ಬರೆದು, ನಡುವೆ ಚುಕ್ಕೆ ಹಾಕಿ ಪಾಠ ಮುಗಿಸಿದೀನಿ. ನಾಡಿದ್ದು ನಮ್ಮ ಮಕ್ಕಳ ಪರೀಕ್ಷೆ. ಆ ಹುಡುಗಿ ನಾಳೆ ಬಂದು ಹೇಳಿಕೊಡ್ತಾಳಾ?" ಎಂದರು. ಮರುದಿನ ಬೆಳಗಿನ ಅರಕಲಗೂಡು ಬಸ್ಸಿನಲ್ಲಿ ವರ್ಷಾ ಕಿಟಕಿಯ ಪಕ್ಕ ಕುಳಿತು ಹೋದಳು. ಅಲ್ಲಿ ಮೂರು ಗಂಟೆ ಪಾಠ ಮಾಡಿದಳಂತೆ. ಮುಂದಿನ ಬೆಂಚಿನಲ್ಲಿ ಕುಳಿತು ನೋಟ್ಸ್ ಬರೆದುಕೊಂಡವರು ಈಶ್ವರಯ್ಯನವರಂತೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ವರ್ಷದೊಳಗೆ ತಮ್ಮ ಅಂತರಂಗದಲ್ಲಿ ಒಂದು ಗೋಡೆ, ಎರಡು ತೆಂಗಿನಮರ ಮತ್ತು ಕಾಲು ಮೈಲಿ ಬಯಲನ್ನು ಏರ್ಪಡಿಸಿಕೊಂಡು, ನಡೆದಂತೆಲ್ಲ ಸಿಗ್ನಲ್ ಸೊರಗುವಂತೆ ಅನುಗ್ರಹಿಸಬೇಕು.

ಇಲ್ಲದ ವೈರನ್ನು ಇನ್ನೂ ಹುಡುಕುತ್ತಿರುವ,
ತಮ್ಮ ವಿಶ್ವಾಸಿ,
ಗಂಗಾಂಬಿಕೆ

ತಾ.ಕ.: ಒಂದೇ ಸಾಲಿನ ಆಜ್ಞೆಗೆ ಮೂರು ರೇಡಿಯೊ ಹುಟ್ಟಿದ್ದನ್ನು ಕೇಳಿದ ಪ್ರಿನ್ಸಿಪಾಲರು, ನಮ್ಮ ವಿಭಾಗದಲ್ಲಿ ಖಾಲಿಯಿರುವ ಎರಡು ಉಪನ್ಯಾಸಕರ ಹುದ್ದೆಗಳನ್ನೂ ಅದೇ ರೀತಿ ತುಂಬಬಹುದೇ ಎಂದು ವಿಚಾರಿಸುತ್ತಿದ್ದಾರೆ. ಎಲ್ಲಕ್ಕೂ "ಸಂಪರ್ಕ ಸುಗಮವಾಗಿದೆ" ಎನ್ನುವ ತಾವು, ದಯವಿಟ್ಟು ಇದೊಂದಕ್ಕೆ ಇಲ್ಲವೆನ್ನಿ.